ಅತ್ತೆಯ ಹೆಸರಿನ ಮಗಳು

ನಂಜನಗೂಡಿನಲ್ಲಿ ನಿಂತು ಕಪಿಲಾ ಎಂದು ಕೂಗಿದರೆ ಯಾರ್ಯಾರು ತಿರುಗಿ ನೋಡುತ್ತಾರೋ ಹೇಳುವುದು ಕಷ್ಟ. ಮೊದಲನೆಯದು ಹೊಳೆ. ಅದರ ಹೆಸರಿಟ್ಟುಕೊಂಡ ಹಿಟ್ಟಿನ ಗಿರಣಿ, ಬೇಕರಿ, ನರಸೀಪುರಕ್ಕೆ ಓಡಾಡುವ ನೀಲಿ ಬಸ್ಸು, ನಮ್ಮ ಬೀದಿಯಲ್ಲೇ ಎರಡು ‘ಕಪಿಲಾ ನಿಲಯ’, ಒಂದು ಸ್ತ್ರೀಶಕ್ತಿ ಸಂಘ. ನಾನು ಗುಮಾಸ್ತೆಯಾಗಿರುವ ಶಾಲೆಯ ಹಾಜರಿ ಪುಸ್ತಕದಲ್ಲಿ ಈ ವರ್ಷ ನಾಲ್ವರು ಕಪಿಲೆಯರಿದ್ದಾರೆ. ಹದಿನಾರು ಎಂಬ ಊರಿನಲ್ಲಿರುವ ನನ್ನ ಗಂಡನ ಮನೆಯ ಕೊಟ್ಟಿಗೆಯಲ್ಲಿ ಒಂದು ಕಪಿಲೆ ಹಸು. ನಮ್ಮತ್ತೆ ಕಪಿಲಮ್ಮ. ಭಾವನ ಮಗಳು ಕಪಿಲಾ. ಇಷ್ಟು ಜನ ಕಪಿಲೆಯರ ನಡುವೆ ಮೂವತ್ತು ವರ್ಷ ಬದುಕಿಯೂ ಆ ಹೆಸರನ್ನು ಎರಡೇ ಎರಡು ದಿನ ಬಾಯಿಬಿಟ್ಟು ಹೇಳಿದ ಹೆಂಗಸೊಬ್ಬಳಿದ್ದಾಳೆ. ಅವಳು ನನ್ನ ವಾರಗಿತ್ತಿ ಸಿದ್ದಲಿಂಗಮ್ಮ. ನಾನು ಅವಳನ್ನು ಅಕ್ಕ ಎನ್ನುತ್ತೇನೆ.

ನಮ್ಮ ಕಡೆ ಸೊಸೆಯಾದವಳು ಗಂಡನ ಹೆಸರನ್ನೂ ಅತ್ತೆ ಮಾವಂದಿರ ಹೆಸರನ್ನೂ ಹೇಳುವುದಿಲ್ಲ. ಆ ಹೆಸರಿನ ಬೇರೆ ಯಾರಾದರೂ ಎದುರಾದರೂ ಅಷ್ಟೇ, ಅವರನ್ನೂ ಬೇರೇನಾದರೂ ಅಂದು ಕರೆಯಬೇಕು. ಈಗಿನವರು ಇದನ್ನೆಲ್ಲ ಅಷ್ಟಾಗಿ ಹಿಡಿದುಕೊಂಡಿಲ್ಲ. ನಾನಂತೂ ಮೈಸೂರಿನಲ್ಲಿ ಹುಟ್ಟಿ ಬೆಳೆದವಳು, ನಾಲಿಗೆ ಸ್ವಲ್ಪ ಉದ್ದ, ಹಿಡಿದುಕೊಳ್ಳಲೇ ಇಲ್ಲ. ಅಕ್ಕ ಹಿಡಿದುಕೊಂಡಳು.

ಅದಕ್ಕೊಂದು ಕಾರಣವಿತ್ತು. ಮದುವೆಯಾದ ಮೊದಲ ಮಳೆಗಾಲದಲ್ಲಿ ಅವಳು ಸುತ್ತೂರಿಗೆ ಹೋಗಿ ಹೊಳೆ ನೋಡಿಕೊಂಡು ಬಂದಿದ್ದಳು. ಹತ್ತೊಂಬತ್ತರ ಹುಡುಗಿ, ಕಂಡದ್ದನ್ನು ಹೇಳುವ ಆತುರ. ಊಟಕ್ಕೆ ಕೂತಿದ್ದ ಅತ್ತೆಯ ಮುಂದೆ, “ಕಪಿಲಾ ಕೆಂಪ್ಗೆ ತುಂಬ್ಕೊಂಡು ಬತ್ತಾವ್ಳೆ ಕಣತ್ತೆ” ಅಂದುಬಿಟ್ಟಳು. ಅತ್ತೆ ಬೈಯಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ ಕೈ ತೊಳೆದು ಎದ್ದರು. ಮಾರನೆಯ ದಿನ ಮಧ್ಯಾಹ್ನದವರೆಗೂ ತೊಟ್ಟು ನೀರು ಮುಟ್ಟಲಿಲ್ಲ. ಅಕ್ಕ ಅವರ ಕಾಲು ಹಿಡಿದು ಅತ್ತ ಮೇಲೆ ಊಟ ಮಾಡಿದರಂತೆ. ಅವತ್ತಿನಿಂದ ಅವಳ ಬಾಯಲ್ಲಿ ನದಿ ಬರೀ ಹೊಳೆಯಾಯಿತು.

ನಾಲ್ಕು ವರ್ಷಕ್ಕೆ ಹೆಣ್ಣು ಮಗುವಾಯಿತು. ಮನೆಯ ಮೊದಲ ಮೊಮ್ಮಗಳಿಗೆ ಅಪ್ಪನ ತಾಯಿಯ ಹೆಸರು, ಅದು ಪದ್ಧತಿ. ಭಾವ ಶಿವಸ್ವಾಮಿ ಮಗುವಿನ ಕಿವಿಯಲ್ಲಿ ಕಪಿಲಾ ಎಂದು ಮೂರು ಸಲ ಹೇಳಿದರು. ಹೆಂಗಸರೆಲ್ಲ ತೊಟ್ಟಿಲು ತೂಗುತ್ತಿದ್ದಾಗ ಅಕ್ಕ ಮೆಲ್ಲಗೆ, “ನಾನ್ ಏನಂತ ಕರೀಲಿ ಮತ್ತೆ?” ಎಂದು ಕೇಳಿದಳಂತೆ. ನೆರೆದವರೆಲ್ಲ ಗೊಳ್ಳೆಂದು ನಕ್ಕರಂತೆ. ಯಾರೂ ಉತ್ತರ ಕೊಡಲಿಲ್ಲ. ಅವಳೇ ಉತ್ತರ ಹುಡುಕಿಕೊಂಡಳು. ಕೂಸೇ ಎಂದು ಕರೆದಳು.

ನಮ್ಮೂರ ಕಡೆ ಹೆಣ್ಣುಮಕ್ಕಳನ್ನೆಲ್ಲ ಕೂಸು ಅನ್ನುವುದುಂಟು. ಆದರೆ ಬೇರೆ ತಾಯಂದಿರಿಗೆ ಅದರ ಜೊತೆಗೊಂದು ಹೆಸರೂ ಇರುತ್ತದೆ. ಮುದ್ದು ಬಂದಾಗ ಕೂಸು, ಸಿಟ್ಟು ಬಂದಾಗ ಪೂರ್ತಿ ಹೆಸರು. ಅಕ್ಕನಿಗೆ ಎಲ್ಲಕ್ಕೂ ಅದೊಂದೇ. ಕೂಗುವ ದನಿಯಿಂದಲೇ ಅವ್ವ ಬೈಯುತ್ತಿದ್ದಾಳೋ ಊಟಕ್ಕೆ ಕರೆಯುತ್ತಿದ್ದಾಳೋ ಮಗಳು ತಿಳಿದುಕೊಳ್ಳಬೇಕಿತ್ತು.

ಶಾಲೆಗೆ ಸೇರಿಸುವಾಗ ಮೇಷ್ಟ್ರು ಮಗುವಿನ ಹೆಸರೇನಮ್ಮ ಅಂದರೆ, ಅಕ್ಕ ಮಗುವಿನ ಬೆನ್ನು ತಿವಿದು, “ಯೋಳು ಕೂಸೇ, ನಿನ್ ಎಸ್ರು ನೀನೇ ಯೋಳು” ಅಂದಳು. ಹಸುವಿಗೆ ಕಾಯಿಲೆಯಾಗಿ ಡಾಕ್ಟರು ಬಂದರೆ, “ಆ ಕಂದು ಅಸ ಸಾ.” ಬಸ್ಸಿಗೆ, “ಆ ನೀಲಿ ಬಣ್ಣದ್ದು.” ಮಗಳಿಗೆ ಒಮ್ಮೆ ಟೈಫಾಯ್ಡ್ ಆದಾಗ ಒಬ್ಬಳೇ ನಂಜುಂಡೇಶ್ವರನ ಗುಡಿಗೆ ಅರ್ಚನೆ ಮಾಡಿಸಲು ಹೋಗಿದ್ದಳು. ಯಾರ ಹೆಸರಿಗಮ್ಮ ಎಂದು ಅರ್ಚಕರು ಕೇಳಿದರು. ಇವಳು ಅತ್ತ ಇತ್ತ ನೋಡಿದಳು, ಹೇಳಿಸಲು ಗುರುತಿನವರು ಯಾರೂ ಇರಲಿಲ್ಲ. “ನಂಜುಂಡಪ್ಪಂಗೆ ಗೊತ್ತು ಸಾಮಿ, ನೀವ್ ಮಾಡಿ” ಅಂದು ಕಣ್ಣು ಮುಚ್ಚಿಕೊಂಡಳಂತೆ. ಇದನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಹುಡುಗಿಗೆ ಐದು ವರ್ಷ. ಮೊದಲ ದಿನವೇ ಅಂಗಳದಲ್ಲಿ ನಿಂತು ಜೋರಾಗಿ ಕಪಿಲಾ ಅಂದೆ. ಅತ್ತೆ ಒಳಗಿನಿಂದ ನೋಡಿ, “ಪ್ಯಾಟೆ ಎಣ್ಣು, ಬುಡಿ” ಅಂದರು ಅಷ್ಟೇ. ನನಗೆ ಸಿಕ್ಕ ರಿಯಾಯಿತಿ ಅಕ್ಕನಿಗೆ ಸಿಗಲಿಲ್ಲ. ಸಿಕ್ಕಿದ್ದರೂ ಅವಳು ಬಳಸಿಕೊಳ್ಳುತ್ತಿರಲಿಲ್ಲ ಅನ್ನುವುದು ನನಗೆ ಬಹಳ ತಡವಾಗಿ ಗೊತ್ತಾಯಿತು. ಅವಳ ಬಾಯಿಂದ ಆ ಹೆಸರು ಹೊರಡಿಸಲು ನಾನು ಮಾಡಿದ ಕಿತಾಪತಿ ಒಂದೆರಡಲ್ಲ. “ಅಕ್ಕ, ಆ ಬೇಕರಿ ಹೆಸರೇನು?” ಅನ್ನುತ್ತಿದ್ದೆ. “ನಿಂಗೆ ಗೊತ್ತಿಲ್ವ? ಬನ್ ಚಂದಾಗಿ ಮಾಡ್ತಾನಲ್ಲ, ಅದು” ಅನ್ನುತ್ತಿದ್ದಳು.

ಹುಡುಗಿ ಪಿಯುಸಿ ಓದಲು ನಂಜನಗೂಡಿನ ನಮ್ಮ ಮನೆಗೇ ಬಂದಳು. ನನಗೆ ಮಕ್ಕಳಿಲ್ಲ. ಎರಡು ವರ್ಷ ದಿನಕ್ಕೆ ಐವತ್ತು ಸಲ ಆ ಹೆಸರು ಕರೆದು ನನ್ನ ಆಸೆ ತೀರಿಸಿಕೊಂಡೆ. ಒಂದು ದಿನ ತಲೆ ಬಾಚಿಸಿಕೊಳ್ಳುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ, “ಚಿಕ್ಕಮ್ಮ, ಅವ್ವ ಒಂದ್ಸಲನೂ ನನ್ನ ಹೆಸ್ರು ಕರೆದಿಲ್ಲ ಗೊತ್ತಾ? ಕ್ಲಾಸಲ್ಲಿ ಎಲ್ಲರ ಅಮ್ಮಂದಿರೂ ಗೇಟ್ ಹತ್ರ ನಿಂತು ಹೆಸ್ರು ಕೂಗ್ತಾರೆ. ನಮ್ಮವ್ವ ಕೂಸೇ ಅಂತಾಳೆ, ಹತ್ತು ಜನ ತಿರುಗ್ತಾರೆ” ಅಂದಳು. ನಗುತ್ತಲೇ ಹೇಳಿದಳು, ಆದರೆ ಕನ್ನಡಿಯಲ್ಲಿ ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ಅವತ್ತೇ ಅಕ್ಕನಿಗೆ ಫೋನು ಮಾಡಿ ಜಗಳವಾಡಿದೆ. ಅವಳು ಎಲ್ಲ ಕೇಳಿಸಿಕೊಂಡು, “ಊಟ ಮಾಡ್ತಾ ಕೂಸು?” ಎಂದು ಕೇಳಿ ಫೋನಿಟ್ಟಳು.

ಅಕ್ಕ ಪೆದ್ದಿಯಲ್ಲ. ಐದು ಹಸು ಕಟ್ಟಿ, ಎರಡು ಹೊತ್ತೂ ಡೈರಿಗೆ ಹಾಲು ಹಾಕಿ, ಮಗಳನ್ನು ಬಿ.ಕಾಂ. ಓದಿಸಿದವಳು. ಮದುವೆ ಈಗಲೇ ಬೇಡ ಎಂದು ಗಂಡನ ಎದುರು ನಿಂತು ಎರಡು ವರ್ಷ ತಡೆದವಳು. ಎಲ್ಲರ ಮುಂದೆ ಗಟ್ಟಿಯಾಗಿ ಮಾತಾಡುವ ಆ ಬಾಯಿ ಈ ಒಂದು ಕಡೆ ಮಾತ್ರ ಏಕೆ ಕಟ್ಟಿಹೋಗುತ್ತದೆ ಎಂದು ನನಗೆ ಕೋಪ.

ಮೂರು ವರ್ಷದ ಹಿಂದೆ ಕಪಿಲಾಗೆ ನರಸೀಪುರದ ಬಸವೇಶನ ಜೊತೆ ಮದುವೆಯಾಯಿತು. ಒಳ್ಳೆಯ ಹುಡುಗ, ಪೈಪು ಮೋಟರಿನ ಅಂಗಡಿ ಇಟ್ಟಿದ್ದಾನೆ. ಗಂಡನ ಮನೆಗೆ ಹೊರಡುವಾಗ ಹುಡುಗಿ ಅವ್ವನನ್ನು ಕೋಣೆಗೆ ಎಳೆದುಕೊಂಡು ಹೋದಳು. ನಾನೂ ಹಿಂದೆಯೇ ಹೋದೆ.

“ಅವ್ವ, ಒಂದ್ಸಲ ಕರಿ. ಅಜ್ಜಿಗೆ ಕೇಳ್ಸಲ್ಲ, ಬಾಗ್ಲು ಹಾಕಿವ್ನಿ.”

ಅಕ್ಕನ ತುಟಿ ಅಲುಗಿತು. ಆಮೇಲೆ ಮಗಳ ಕೆನ್ನೆ ಸವರಿ, “ಬಾಯಿಗ್ ಬರಕಿಲ್ಲ ಕೂಸೇ” ಅಂದಳು. ಹುಡುಗಿ ನಕ್ಕು ತಬ್ಬಿಕೊಂಡಳು. ನಾನು ಸುಮ್ಮನಿರಬೇಕಾದ ಕಡೆ ಸುಮ್ಮನಿದ್ದವಳಲ್ಲ. “ಎಂಥ ಕಲ್ಲು ಮನಸ್ಸಕ್ಕ ನಿಂದು” ಅಂದುಬಿಟ್ಟೆ.

ಹೋದ ವರ್ಷ ಶ್ರಾವಣದಲ್ಲಿ ಗಂಡ ಹೆಂಡಿರು ಸ್ಕೂಟರಿನಲ್ಲಿ ಹದಿನಾರಿಗೆ ಬರುತ್ತಿದ್ದರು. ಕಪಿಲಾಳ ಸೀರೆಯ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಿತು. ಬಸವೇಶನಿಗೆ ಮೊಣಕೈ ತರಚಿತು ಅಷ್ಟೇ. ಅವಳಿಗೆ ತಲೆಗೆ ಪೆಟ್ಟಾಯಿತು.

ಮೈಸೂರಿನ ಆಸ್ಪತ್ರೆಯಲ್ಲಿ ಐಸಿಯು ಒಳಗೆ ಮಲಗಿಸಿದ್ದರು. ಬೆಳಿಗ್ಗೆ ಹನ್ನೊಂದಕ್ಕೆ ಒಬ್ಬರು, ಸಂಜೆ ನಾಲ್ಕಕ್ಕೆ ಒಬ್ಬರು, ಐದೈದು ನಿಮಿಷ ಒಳಗೆ ಬಿಡುತ್ತಿದ್ದರು. ಮೊದಲ ಎರಡು ದಿನ ಬಸವೇಶನೂ ಭಾವನೂ ಹೋಗಿ ಬಂದರು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದಳು, ನೋಡುವ ಧೈರ್ಯವಿಲ್ಲ ಅನ್ನುತ್ತಿದ್ದಳು. ಮೂರನೆಯ ದಿನ ನರ್ಸ್ ಹೊರಗೆ ಬಂದು, “ಇವತ್ತು ಬೆರಳು ಸ್ವಲ್ಪ ಅಲುಗಿಸಿದ್ದಾರೆ. ತಾಯಿ ಯಾರು? ನೀವು ಹೋಗಿ ಹೆಸರು ಹಿಡಿದು ಕರೀರಿ. ಒಮ್ಮೊಮ್ಮೆ ಕೇಳಿಸುತ್ತೆ ಅವರಿಗೆ” ಅಂದಳು.

ಇಪ್ಪತ್ತು ವರ್ಷದಿಂದ ನಾನು ಬಡಿದುಕೊಂಡದ್ದು ಇದಕ್ಕೇ ಅನ್ನಿಸಿತು. ಅಕ್ಕನ ಭುಜ ಹಿಡಿದು ಹೇಳಿದೆ, “ಅಕ್ಕ, ಇವತ್ತು ಹೆಸರೇ ಕರೀಬೇಕು. ಕೂಸು ಗೀಸು ಅನ್ನಬೇಡ. ಜೀವಮಾನವೆಲ್ಲ ಅದನ್ನೇ ಕಾದಿದ್ದಾಳೆ ಅವಳು. ನಿನ್ನ ಬಾಯಲ್ಲಿ ತನ್ನ ಹೆಸರು ಕೇಳಿದರೆ ಕಣ್ಣು ಬಿಟ್ಟೇ ಬಿಡ್ತಾಳೆ.”

“ಅತ್ತೆ...” ಅಂದಳು ಅಕ್ಕ.

ಹದಿನಾರಿಗೆ ಫೋನು ಮಾಡಿ ಅವಳ ಮುಂದೆ ಹಿಡಿದೆ. ಸ್ಪೀಕರಿನಲ್ಲಿ ಅತ್ತೆಯ ದನಿ ನಡುಗುತ್ತಾ ಬಂತು. “ಕರಿ ತಾಯಿ. ನನ್ ಎಸ್ರು ಮಣ್ಣಾಗೋಗ್ಲಿ. ಕೂಗಿ ಕರಿ. ನನ್ ಆಯಸ್ಸೂ ಅದ್ಕೇ ಓಗ್ಲಿ.” ಎಂಬತ್ತು ದಾಟಿದ ಮುದುಕಿ ಗೊಳೋ ಎಂದು ಅತ್ತರು.

ನಾಲ್ಕು ಗಂಟೆಗೆ ಅಕ್ಕ ಒಳಗೆ ಹೋದಳು. ಹೊರಗೆ ನಾನು ಗಡಿಯಾರ ನೋಡುತ್ತಾ ನಿಂತೆ. ಐದು ನಿಮಿಷಕ್ಕೆ ಸರಿಯಾಗಿ ಬಂದು ಬೆಂಚಿನ ಮೇಲೆ ಕೂತಳು.

“ಕರೆದೆ” ಅಂದಳು.

“ಕಣ್ಣು ಬಿಟ್ಟಳಾ?”

“ಇಲ್ಲ. ಮೊದ್ಲು ತೊದಲ್ತು, ಆಮ್ಯಾಕೆ ಬಂತು. ಮೂರ್ ಸಲ ಕರೆದೆ. ಆದ್ರೆ ಚೈತ್ರ, ಆ ಎಸ್ರು ಬಾಯಿಗ್ ಬಂದೇಟ್ಗೆ ನನ್ ಕಣ್ಮುಂದೆ ಅತ್ತೆ ಬಂದು ನಿಂತ್ಕೊಂಡ್ರು. ಕೂಸಿನ್ ಕಿವೀಲಿ ಅತ್ತೇನ ಕರೆದು ಬಂದಂಗಾಯ್ತು ಕಣೆ.” ತನ್ನ ಅಂಗೈ ನೋಡಿಕೊಂಡಳು. “ಆ ಎಸ್ರ ಊರೋರೆಲ್ಲ ಕರೀತಾರೆ. ನಾನೂ ಅದ್ನೇ ಕರೆದ್ರೆ, ಬಂದಿರೋದು ಅವ್ವ ಅಂತ ಅದ್ಕೆ ಎಂಗ್ ಗೊತ್ತಾಯ್ತದೆ? ಕೂಸೇ ಅಂದಿದ್ರೆ ತಿರುಗ್ತಿತ್ತು.”

ಅವಳು ಎದ್ದು ಸೀದಾ ಬಾಗಿಲಿಗೆ ಹೋದಳು. ವಾಚ್‌ಮನ್ ಕೈ ಅಡ್ಡ ಇಟ್ಟ.

“ಒಂದೇ ಮಾತು ಸಾ. ಒಳೀಕ್ ಬರಕಿಲ್ಲ, ಇಲ್ಲೇ ನಿಂತ್ಕೊಂಡು ಕೂಗ್ಬುಡ್ತೀನಿ.”

“ಟೈಮ್ ಆಯ್ತಲ್ಲಮ್ಮ. ಒಳಗೆ ಬೇರೆ ಪೇಷೆಂಟ್ ಇದಾರೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಫಸ್ಟು ನಿಮ್ಮನ್ನೇ ಬಿಡ್ತೀನಿ.” ಅವನು ಕೆಟ್ಟವನಲ್ಲ, ದನಿಯಲ್ಲಿ ಮರುಕವಿತ್ತು. ನಾನೂ ಕೈಮುಗಿದು ಬೇಡಿದೆ. ಆಗಲಿಲ್ಲ. ಅಕ್ಕ ಬಂದು ಮತ್ತೆ ಬೆಂಚಿನ ಮೇಲೆ ಕೂತಳು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಎಂದು ತನಗೆ ತಾನೇ ಎರಡು ಸಲ ಹೇಳಿಕೊಂಡಳು.

ಮಾರನೆಯ ದಿನ ಬೆಳಿಗ್ಗೆ ಎಂಟೂಕಾಲಿಗೆ ಕಪಿಲಾ ಹೋಗಿಬಿಟ್ಟಳು.

ನರಸೀಪುರದಲ್ಲಿ, ಬಸವೇಶನ ಮನೆಯವರ ಹೊಲದಲ್ಲಿ ಮಣ್ಣು ಮಾಡಿದರು. ಅದಕ್ಕೂ ಮೊದಲು, ವಿಭೂತಿ ಹಚ್ಚಿ ಕೂರಿಸಿದ್ದ ಮಗಳ ಕಿವಿಯ ಹತ್ತಿರ ಬಾಗಿ ಅಕ್ಕ ಕರೆಯಲು ಶುರು ಮಾಡಿದಳು. ಕೂಸೇ. ಕೂಸೇ. ಊಟಕ್ಕೆ ಕರೆಯುವ ದನಿ, ಬೈಯುವ ದನಿ, ಎಬ್ಬಿಸುವ ದನಿ, ಎಲ್ಲದರಲ್ಲೂ ಕರೆದಳು. ಟೈಮಾಯಿತು ಎಂದು ಅಲ್ಲಿ ಯಾರೂ ಅನ್ನಲಿಲ್ಲ. ಹೊತ್ತು ಬಹಳವಾದ ಮೇಲೆ ಭಾವನೇ ಅವಳನ್ನು ಎತ್ತಿಕೊಂಡು ಬಂದರು.

ಅತ್ತೆ ಈಗ ಯಾರು ಕರೆದರೂ ಓಗೊಡುವುದಿಲ್ಲ. ಕಿವಿ ಚೆನ್ನಾಗಿಯೇ ಕೇಳುತ್ತದೆ. ಅಕ್ಕ ಹಸುಗಳನ್ನು ನೋಡಿಕೊಳ್ಳುತ್ತಾಳೆ, ಎರಡು ಹೊತ್ತೂ ಡೈರಿಗೆ ಹೋಗುತ್ತಾಳೆ, ಅತ್ತೆಗೆ ಉಣ್ಣಿಸುತ್ತಾಳೆ.

ಹನ್ನೊಂದನೆಯ ದಿನ, ಬಂದವರೆಲ್ಲ ಹೋದ ಮೇಲೆ, ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದವಳ ಪಕ್ಕ ಹೋಗಿ ಕೂತೆ. “ನನ್ನ ಮಾತು ಕೇಳಿ ನಿನ್ನ ಐದು ನಿಮಿಷ ಹಾಳಾಯಿತಕ್ಕ. ನನ್ನನ್ನು ಬೈದುಬಿಡು” ಅಂದೆ. ಹೇಳುವಾಗಲೇ ಅಳು ಬಂತು.

ಅವಳು ಒದ್ದೆ ಕೈಯಲ್ಲೇ ನನ್ನ ತಲೆ ಸವರಿದಳು. “ನಿಂದೇನೈತೆ ಬುಡು. ನಿನ್ ಬಾಯಲ್ಲಿ ಆ ಎಸ್ರು ಚಂದಾಗ್ ಬರ್ತಿತ್ತು. ಅವತ್ತು ನನ್ ಬದ್ಲು ನೀನೇ ಒಳೀಕ್ ಓಗಿದ್ರೆ ಆಗಿತ್ತು ಕಣೆ. ನೀನು ಎಸ್ರಿಡಿದು ಕರೆದಿದ್ರೆ ಕೂಸು ತಿರುಗ್ತಿತ್ತೇನೋ.”

ನನ್ನ ಸಮಾಧಾನಕ್ಕೆಂದು ಹೇಳಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.