ಸಮುದ್ರ ಕಾಣದ ಬಂಗಲೆ

ಕಲಂಗುಟ್‌ಗೆ ರಜೆ ಕಳೆಯಲು ಬಂದವರು ಬಾಡಿಗೆ ಬಂಗಲೆ ನೋಡುವಾಗ ಮೊದಲು ಕೇಳುವ ಮಾತು ಒಂದೇ: ಸಮುದ್ರ ಎಷ್ಟು ದೂರ? ರಮಜಾನಬಿಗೆ ಅದು ಬಾಯಿಪಾಠವಾಗಿತ್ತು. ವಿಜಾಪುರದ ಕಡೆಯ ಹಳ್ಳಿಯಿಂದ ಗಂಡ ದಾವಲಮಲಿಕನ ಹಿಂದೆ ಗೋವಾಕ್ಕೆ ಬಂದವಳು ಮೊದಮೊದಲು ಹೋಟೆಲು ಕಟ್ಟುವ ಕಡೆ ಕಲ್ಲು ಹೊತ್ತಳು. ಆಮೇಲೆ ಮಾಪ್ಸಾದ ಫಿಲೋಮಿನಾ ಬಾಯಿಯ ಬಳಿ ಕೆಲಸ ಸಿಕ್ಕಿತು. ಬಾಯಿಯ ಅಣ್ಣತಮ್ಮಂದಿರೆಲ್ಲ ಪರದೇಶದಲ್ಲಿದ್ದರು. ಅವರು ಬಿಟ್ಟುಹೋದ ಮೂರು ಬಂಗಲೆಗಳನ್ನು ಬಾಯಿ ರಜೆಯವರಿಗೆ ಬಾಡಿಗೆಗೆ ಕೊಡುತ್ತಿದ್ದಳು. ಬೀಗದ ಕೈಗಳು ಮಾತ್ರ ರಮಜಾನಬಿಯ ಸೊಂಟದಲ್ಲಿ. ಕಸ ಹೊಡೆಯುವುದು, ಹಾಸಿಗೆ ಹಾಸುವುದು, ನೋಡಲು ಬಂದವರಿಗೆ ಮನೆ ತೋರಿಸುವುದು ಎಲ್ಲ ಅವಳದೇ ಪಾಲು.

ಬರುವವರ ಬೇಡಿಕೆಗಳು ಅವಳಿಗೆ ಸೋಜಿಗ ಹುಟ್ಟಿಸುತ್ತಿದ್ದವು. ಇಬ್ಬರೇ ಇರುವವರಿಗೆ ಐದು ಕೋಣೆ ಬೇಕು. ಬಿಸಿಲಿಗೆಂದು ಅಷ್ಟು ದೂರದಿಂದ ಬಂದವರಿಗೆ ಮಲಗುವ ಕೋಣೆಯಲ್ಲಿ ಕತ್ತಲು ಬೇಕು. ಆದರೂ ತೊಂಬತ್ತೊಂದರ ಮಳೆಗಾಲ ಮುಗಿಯುತ್ತಿದ್ದಂತೆ ಬಂದ ಆ ಗಂಡಹೆಂಡತಿಯಂಥವರನ್ನು ಅವಳು ಹಿಂದೆ ನೋಡಿರಲಿಲ್ಲ, ಮುಂದೂ ನೋಡಲಿಲ್ಲ.

ಗಂಡಸು ಗದಗದ ಕಡೆಯ ಹತ್ತಿ ವ್ಯಾಪಾರಿ ಕಂಠೆಪ್ಪ. ಹೆಂಡತಿ ಗುರುಬಸವ್ವ. ಚಳಿಗಾಲ ಮುಗಿಯುವವರೆಗೆ ಒಂದು ಮನೆ ಬೇಕು, ನೋಡಿ ಆರಿಸುತ್ತೇವೆ ಎಂದು ಫಿಲೋಮಿನಾ ಬಾಯಿಗೆ ಹೇಳಿ ಬಂದಿದ್ದರು. ರಮಜಾನಬಿ ಅವರನ್ನು ಮೊದಲು ಕಡಲಿಗೆ ಅಂಟಿಕೊಂಡ ಬಂಗಲೆಗೆ ಕರೆದೊಯ್ದಳು. ಬಂದವರೆಲ್ಲ ಮಹಡಿಗೆ ಓಡಿ ನೀರು ನೋಡುವ ಮನೆ ಅದು. ಇವರು ಮೆಟ್ಟಿಲನ್ನೂ ಹತ್ತಲಿಲ್ಲ.

"ಇಲ್ಲೆ ಮಂದಿ ಭಾಳ ಅಡ್ಡಾಡ್ತಾರ," ಎಂದಳು ಗುರುಬಸವ್ವ ಗಂಡನಿಗೆ.

ಕನ್ನಡ! ರಮಜಾನಬಿಯ ಎದೆ ಹಿಗ್ಗಿತು. ಕಂಠೆಪ್ಪ ಅವಳ ಜೊತೆ ಹರಕುಮುರುಕು ಹಿಂದಿಯಲ್ಲೇ ಮಾತಾಡುತ್ತಿದ್ದ, ಅವಳೂ ಹಿಂದಿಯಲ್ಲೇ ಉತ್ತರ ಕೊಟ್ಟಿದ್ದಳು. ಯಾವೂರ್ರಿ ನಿಮ್ಮದು ಎಂದು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಕಂಠೆಪ್ಪ ಹೆಂಡತಿಗೆ ಹೇಳಿದ: "ಆಕಿ ಒದರಿದ್ರ ರಸ್ತೇಕ ಕೇಳಸ್ತದ. ಇದು ಬ್ಯಾಡ."

ರಮಜಾನಬಿ ತೆರೆದ ಬಾಯಿ ಮುಚ್ಚಿ, ಮುಂದಿನ ಮನೆಯ ಬೀಗದ ಕೈ ಹುಡುಕತೊಡಗಿದಳು.

ಎರಡನೆಯ ಮನೆ ಚರ್ಚಿನ ಹಿಂದಿನ ಓಣಿಯಲ್ಲಿತ್ತು. ಅಲ್ಲಿ ಕಂಠೆಪ್ಪ ಕಿಟಕಿ ಬಾಗಿಲುಗಳನ್ನೆಲ್ಲ ತಾನೇ ಮುಚ್ಚಿದ. ಹೆಂಡತಿಯನ್ನು ತೀರ ಒಳಗಿನ ಕೋಣೆಗೆ ಕಳಿಸಿ, "ಜೋರಲೆ ಒಮ್ಮೆ ಒದರು," ಎಂದು ಹೊರಗೆ ಬಂದು ಅಂಗಳದಲ್ಲಿ ಕಿವಿಗೊಟ್ಟು ನಿಂತ. ಗುರುಬಸವ್ವನ ದನಿ ಹೆಂಚಿನ ಸಂದಿಯಿಂದ ಕ್ಷೀಣವಾಗಿ ಕೇಳಿಸಿತು. ಪಕ್ಕದ ಮನೆಯ ಮುದುಕ ದರ್ಜಿ ಹೊಲಿಗೆ ನಿಲ್ಲಿಸಿ ತಲೆ ಎತ್ತಿದ. ಕಂಠೆಪ್ಪ ಬೇಡವೆಂದು ತಲೆ ಅಲ್ಲಾಡಿಸಿದ.

ಮೂರನೆಯದು ಗದ್ದೆ ದಾಟಿ ಹೋಗಬೇಕಾದ ಮನೆ. ಸಮುದ್ರ ಕಾಣುವುದಿಲ್ಲ, ಫೋನಿಲ್ಲ, ಸುತ್ತ ಎತ್ತರದ ಕೆಂಪುಕಲ್ಲಿನ ಗೋಡೆ. ಅದನ್ನು ಯಾರೂ ಕೇಳುತ್ತಿರಲಿಲ್ಲ. ರಮಜಾನಬಿ ಕೂಡ ಕಾಟಾಚಾರಕ್ಕೆ ಬಾಗಿಲು ತೆಗೆದಳು. ಇಲ್ಲಿಯೂ ಗುರುಬಸವ್ವ ಒಳಗೆ ಹೋಗಿ ಕೂಗಿದಳು. ಕಂಠೆಪ್ಪ ಗೇಟಿನ ಹೊರಗೆ ನಿಂತಿದ್ದ. ಗದ್ದೆಯ ಬೆಳ್ಳಕ್ಕಿಗಳು ಕೂಡ ಅಲುಗಲಿಲ್ಲ.

"ಏನೂ ಕೇಳಂಗಿಲ್ಲ," ಎಂದ ಅವನು ಒಳಗೆ ಬಂದು, ದೊಡ್ಡ ಭಾರ ಇಳಿದವನಂತೆ. "ಇಲ್ಲೇ ಮುಗಿಸಿಬಿಡೂಣು. ಊರಿಗೆ ಸುದ್ದಿ ಮುಟ್ಟಬಾರದು, ಅಷ್ಟ."

ಯಾರನ್ನು ಮುಗಿಸುತ್ತಾರೆ? ರಮಜಾನಬಿ ಹಾಗೆ ಯೋಚಿಸುತ್ತಿರುವಾಗಲೇ ಗುರುಬಸವ್ವ ಹಾಸಿಗೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಸೊಳ್ಳೆಪರದೆ ಇದೆಯೇ, ಎಮ್ಮೆಯ ಹಾಲು ಹತ್ತಿರದಲ್ಲಿ ಸಿಗುತ್ತದೆಯೇ ಎಂದು ಕೈಸನ್ನೆ ಮಾಡಿ ಕೇಳಿದಳು. ಹಿತ್ತಿಲ ಬಾವಿಯೊಳಗೆ ಬಗ್ಗಿ ನೋಡಿದವಳೇ ಗಂಡನತ್ತ ತಿರುಗಿ, "ಇದಕ್ಕ ಹಲಗಿ ಮುಚ್ಚಸ್ರಿ. ಆಕಿ ಏನರ ಮಾಡ್ಕೊಂಡಾಳು," ಎಂದಳು.

ಮನೆಗೆ ಬಂದ ರಮಜಾನಬಿ ಗಂಡನಿಗೆ ಎಲ್ಲ ಹೇಳಿದಳು. ದಾವಲಮಲಿಕ ಮರಳಿನ ಟೆಂಪೋ ಓಡಿಸುತ್ತಿದ್ದ, ಮಾತು ಕಡಿಮೆಯ ಮನುಷ್ಯ.

"ದೊಡ್ಡ ಮಂದಿ ಮಾತು. ಅರ್ಧಮರ್ಧ ಕೇಳಿ ಏನರ ತಿಳ್ಕೊಬ್ಯಾಡ. ನಮಗ್ಯಾಕ ಬೇಕ ಅದು?"

"ಕೊಲ್ಲಾವರಿದ್ರ ಸೊಳ್ಳಿಪರದೆ ಯಾಕ ಕೇಳ್ತಾರ?" ಎಂದು ಅವಳು ತನ್ನನ್ನೇ ಕೇಳಿಕೊಂಡಳು. ತಟ್ಟೆಯ ಅನ್ನ ಹಾಗೇ ಉಳಿಯಿತು.

ಮುಂದಿನ ವಾರ ಕಾರು ಬಂತು. ಗಂಡಹೆಂಡತಿ ಇಳಿದ ಮೇಲೆ, ಅಕ್ಟೋಬರದ ಆ ಸೆಕೆಯಲ್ಲಿ ಮೈತುಂಬ ಶಾಲು ಹೊದ್ದ ಒಬ್ಬ ಹುಡುಗಿ ಇಳಿದಳು. ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಇಳಿಯುವಾಗ ಶಾಲು ಸರಿಯಿತು. ರಮಜಾನಬಿಗೆ ಎಲ್ಲ ತಿಳಿದುಹೋಯಿತು. ಹುಡುಗಿ ಬಸುರಿ. ಮುಗಿಸುವುದು ಎಂದರೆ ಬಾಣಂತನ. ಅಬ್ಬಾ ಎಂದು ಉಸಿರು ಬಿಟ್ಟಳು. ಆದರೆ ಹೆರಿಗೆಯ ನೋವಿಗೆ ಮಗಳು ಕೂಗಿದರೆ ಹೊರಗೆ ಕೇಳಬಾರದೆಂದು ತಾಯಿಯೇ ಮನೆಮನೆಯ ಒಳಗೆ ನಿಂತು ಕೂಗಿ ನೋಡಿದಳಲ್ಲ ಎಂಬುದು ನೆನಪಾಗಿ, ಆ ನೆಮ್ಮದಿ ಉಳಿಯಲಿಲ್ಲ.

ತಂದೆತಾಯಿ ಗಂಟುಮೂಟೆ ಇಳಿಸುತ್ತ ಒಳಗೆ ಹೋಗಿದ್ದರು. ಹುಡುಗಿ ಕಟ್ಟೆಯ ಮೇಲೆ ಕುಸಿದು, "ನೀರು," ಎಂದು ತನಗೆ ತಾನೇ ಅಂದುಕೊಂಡಳು. ರಮಜಾನಬಿ ತಂಬಿಗೆ ಹಿಡಿದಳು.

"ಕುಡಿ ತಂಗಿ. ಸಾವಕಾಶ."

ಹುಡುಗಿ ಬೆಚ್ಚಿ ನೋಡಿದಳು. ರಮಜಾನಬಿ ತುಟಿಯ ಮೇಲೆ ಬೆರಳಿಟ್ಟಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ಗೊತ್ತಿರಲಿಲ್ಲ. ಆದರೆ ಅಂದಿನಿಂದ ಅವಳಿಗೆ ಕನ್ನಡ ಬರುವುದು ಅವರಿಬ್ಬರ ಗುಟ್ಟಾಯಿತು.

ಹುಡುಗಿಯ ಹೆಸರು ನೀಲಗಂಗಾ. ಮುಂಬಯಿಯ ಸೋದರತ್ತೆಯ ಮನೆಯಲ್ಲಿದ್ದು ಓದಲಿಕ್ಕೆ ಹೋಗಿದ್ದಾಳೆ ಎಂದು ಊರಿಗೆ ಹೇಳಿದ್ದರು. ಕಂಠೆಪ್ಪ ಊರಿಗೆ ಹೋಗಿ ಬಂದು ಮಾಡುತ್ತಿದ್ದ. ಗುರುಬಸವ್ವ ಮಗಳ ಕಾವಲಿಗೆ ಉಳಿದಿದ್ದಳು. ಕಾವಲು ಎಂದರೂ ಅವಳು ದಿನಾ ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಬಾಯಿಗೆ ರುಚಿಯಾಗಲೆಂದು ಊರಿನಿಂದ ತಂದ ಗುರೆಳ್ಳು ಚಟ್ನಿ ಕಲಸಿ ತುತ್ತು ಕೊಡುತ್ತಿದ್ದಳು. ಮಧ್ಯಾಹ್ನ ತಾಯಿಗೆ ಜೋಂಪು ಹತ್ತಿದಾಗ ನೀಲಗಂಗಾ ಹಿತ್ತಿಲ ಬಟ್ಟೆಕಲ್ಲಿನ ಹತ್ತಿರ ಬಂದು ಕೂರುವಳು.

ಕಾಲೇಜಿನಲ್ಲಿ ಜೊತೆಗಿದ್ದ ಹುಡುಗನನ್ನು ಅವನ ಮನೆಯವರು ಎಲ್ಲಿಗೋ ಕಳಿಸಿಬಿಟ್ಟಿದ್ದರು. ಅವನು ತಿರುಗಿ ನೋಡಿರಲಿಲ್ಲ. ಅದನ್ನು ಹೇಳುವಾಗ ನೀಲಗಂಗಾ ಅಳಲಿಲ್ಲ. ಕೂಸಿನ ಮಾತು ಬಂದರೆ ಮಾತ್ರ ಮುಖ ಬದಲಾಗುತ್ತಿತ್ತು.

"ಮುಂಬಯಿ ಅತ್ತಿಗೆ ಮಕ್ಕಳಿಲ್ಲಕ್ಕಾ. ಆಕಿ ಸಾಕ್ತಾಳಂತ. ನಾ ಬೇಕಾದಾಗ ಹೋಗಿ ನೋಡಬಹುದಂತ, ಅಪ್ಪಾ ಮಾತು ಕೊಟ್ಟಾನ," ಎಂದು ಹಳೆಯ ಸೀರೆಯ ತುಂಡಿನಲ್ಲಿ ಕುಲಾವಿ ಹೊಲಿಯುತ್ತಿದ್ದಳು.

ದಿನ ತುಂಬುತ್ತ ಬಂದಿತ್ತು. ಒಂದು ಬೆಳಿಗ್ಗೆ ಕಂಠೆಪ್ಪ ಊರಿನಿಂದ ಬಂದು ಮುಂದಿನ ಕಟ್ಟೆಯಲ್ಲಿ ಹೆಂಡತಿಯ ಜೊತೆ ಕೂತು ಚಹಾ ಕುಡಿಯುತ್ತಿದ್ದ. ರಮಜಾನಬಿ ಅವರ ಕಾಲ ಬುಡದಲ್ಲೇ ನೆಲ ಒರೆಸುತ್ತಿದ್ದಳು. ಅವಳಿದ್ದಾಳೆಂದು ಅವರು ಎಂದೂ ದನಿ ತಗ್ಗಿಸಿರಲಿಲ್ಲ.

"ಮಡಗಾಂವದ ಗಂಡಹೆಂಡತಿ ಕೂಸು ತಗೊಳ್ಳಾಕ ತಯಾರ ಅದಾರ," ಎಂದ ಕಂಠೆಪ್ಪ. "ಹುಟ್ಟಿದ ತಾಸಿನ್ಯಾಗ ಒಯ್ತಾರ."

"ಈಕಿಗೆ ಏನ ಹೇಳೂದ್ರಿ?"

"ಸತ್ತು ಹುಟ್ಟಿತು ಅನ್ನೂದು."

"ನನ್ನ ಬಾಯಿಲೆ ಆ ಮಾತು ಬರಂಗಿಲ್ಲ ರೀ."

"ನೀ ಹೇಳಬ್ಯಾಡ. ನರ್ಸಬಾಯಿ ಹೇಳ್ತಾಳ. ನೀ ಸುಮ್ಮನ ಇದ್ದರ ಸಾಕು."

ರಮಜಾನಬಿಯ ಕೈಯ ಬಟ್ಟೆ ನೆಲದ ಮೇಲೆ ನಿಂತುಬಿಟ್ಟಿತು. ಕಲ್ಲು ಹೊರುವ ಕಾಲದಲ್ಲಿ ಅವಳಿಗೊಂದು ಕೂಸು ಸತ್ತೇ ಹುಟ್ಟಿತ್ತು. ಅರ್ಧ ಎದ್ದ ಗೋಡೆಗಳ ನಡುವೆ ದಾವಲಮಲಿಕ ಅದನ್ನು ಟವೆಲಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಿದ್ದ. ಆ ಮಾತನ್ನು ಕೇಳಿದ ತಾಯಿ ಏನಾಗುತ್ತಾಳೆಂದು ಅವಳಿಗೆ ಗೊತ್ತು. ಬದುಕಿರುವ ಕೂಸಿನ ಮೇಲೆ ಆ ಮಾತು ಹೇಳುವುದೇ? ಅದೂ ಚಹಾ ಕುಡಿಯುತ್ತ?

ನೀಲಗಂಗಾಳಿಗೆ ಹೇಳಬೇಕೆಂದು ಅವಳು ಹಿತ್ತಿಲವರೆಗೆ ಹೋದಳು. ತುಂಬುಗರ್ಭಿಣಿ ಬಟ್ಟೆಕಲ್ಲಿಗೆ ಒರಗಿ ಏದುಸಿರು ಬಿಡುತ್ತಿದ್ದಳು. ಈಗ ಹೇಳಿದರೆ ತಾಯಿ ಕೂಸು ಎರಡಕ್ಕೂ ಏನಾದರೂ ಆದೀತು ಎಂದು ಹೆದರಿ, ಬಕೆಟ್ಟು ಎತ್ತಿಕೊಂಡು ವಾಪಸು ಬಂದಳು.

ಹೆರಿಗೆಯಾದದ್ದು ಒಂದು ಮುಂಜಾನೆ, ಬಿಸಿಲು ಏರುವ ಹೊತ್ತಿಗೆ. ನೀಲಗಂಗಾ ಕೂಗಿದ ಕೂಗು ಆರಿಸಿದ ಮನೆಯ ಗೋಡೆಗಳೊಳಗೇ ಉಳಿಯಿತು. ಕೂಸು ಅತ್ತಿತು. ನರ್ಸಬಾಯಿ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಮುಂದಿನ ಕೋಣೆಗೆ ಒಯ್ದಳು. ಅಲ್ಲಿ ಮಡಗಾಂವದ ಗಂಡಹೆಂಡತಿ ಕಾಯುತ್ತಿದ್ದರು. ಗೇಟಿನಲ್ಲಿ ಅವರ ಕಾರು ನಿಂತಿತ್ತು. ಸ್ವಲ್ಪ ಹೊತ್ತಿಗೆ ನರ್ಸಬಾಯಿ ಬರಿಗೈಯಲ್ಲಿ ಬಂದು, ಕೂಸು ಉಳಿಯಲಿಲ್ಲ ಎಂದು ಹಿಂದಿಯಲ್ಲಿ ಹೇಳಿದಳು.

"ಅತ್ತದ್ದು ಕೇಳೇನಿ ನಾ," ಎಂದಳು ನೀಲಗಂಗಾ. "ಅವ್ವಾ, ಅತ್ತಿತಲ್ಲ ಅದು?"

ಗುರುಬಸವ್ವ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ಬೆನ್ನು ಅಲುಗುತ್ತಿತ್ತು.

ರಮಜಾನಬಿ ಬಿಸಿನೀರಿನ ಪಾತ್ರೆಯನ್ನು ನೆಲಕ್ಕಿಟ್ಟಳು.

"ಸುಳ್ಳ ಐತಿ ತಂಗಿ," ಎಂದಳು ಗಟ್ಟಿಯಾಗಿ, ಕನ್ನಡದಲ್ಲಿ. "ನಿನ್ನ ಕೂಸು ಜೀವಂತ ಐತಿ. ಹೆಣ್ಣು ಕೂಸು. ಮುಂದಿನ ಖೋಲ್ಯಾಗ ಐತಿ. ಒಯ್ಯಾಕ ಗಾಡಿ ಬಂದ ನಿಂತೈತಿ."

ಗುರುಬಸವ್ವ ಗಕ್ಕನೆ ತಿರುಗಿದಳು. ದೆವ್ವ ಕಂಡವಳಂತೆ ರಮಜಾನಬಿಯನ್ನೇ ನೋಡಿದಳು. ಕಂಠೆಪ್ಪ ಬಾಗಿಲಿಗೆ ಬಂದು ನಿಂತ.

"ನಿನಗ... ನಿನಗ ಕನ್ನಡ ಬರ್ತದ?"

"ಬರ್ತೈತ್ರಿ ಸಾವಕಾರ್ರ. ಮೊದಲನೇ ದಿನದಿಂದ ಎಲ್ಲಾ ತಿಳದೈತ್ರಿ ನನಗ."

ಕಂಠೆಪ್ಪ ಇಷ್ಟು ತಿಂಗಳು ಅವಳ ಎದುರಿಗೆ ಆಡಿದ್ದನ್ನೆಲ್ಲ ನೆನಪಿಸಿಕೊಳ್ಳುವವನಂತೆ ಚೌಕಟ್ಟು ಹಿಡಿದು ನಿಂತುಬಿಟ್ಟ.

ಆಗ ನೀಲಗಂಗಾ ಕೂಗಿದಳು. ಹೆರಿಗೆಯ ನೋವಿನಲ್ಲೂ ಅಂಥ ಕೂಗು ಕೂಗಿರಲಿಲ್ಲ. "ನನ್ನ ಕೂಸು ಕೊಡ್ರಿ!"

ಹೊರಗಿನ ರಸ್ತೆಗೆ ಕೇಳಿಸದಿದ್ದರೂ ಮುಂದಿನ ಕೋಣೆಗೆ ಅದು ಕೇಳಿಸಿತು. ಮಡಗಾಂವದ ಹೆಂಗಸು ಕೂಸನ್ನು ಎದೆಗವಚಿಕೊಂಡೇ ಒಳಗೆ ಬಂದಳು. ಅವಳಿಗೆ ಕನ್ನಡ ತಿಳಿಯದು. ಏನಾಯಿತೆಂದು ಕೊಂಕಣಿಯಲ್ಲಿ ರಮಜಾನಬಿಯನ್ನು ಕೇಳಿದಳು. ರಮಜಾನಬಿ ತನಗೆ ಬರುವಷ್ಟು ಕೊಂಕಣಿಯಲ್ಲಿ ಹೇಳಿದಳು. ಹೆಂಗಸು ಬೆಳ್ಳಗಾದಳು. ತಾಯಿ ತಾನಾಗಿ ಒಪ್ಪಿದ್ದಾಳೆಂದು ಅವರಿಗೆ ಹೇಳಿದ್ದರಂತೆ. ಅವಳು ಹಾಸಿಗೆಯ ಹತ್ತಿರ ಬಂದು ಕೂಸನ್ನು ನೀಲಗಂಗಾಳ ಪಕ್ಕದಲ್ಲಿ ಮಲಗಿಸಿದಳು. ಬಟ್ಟೆಯ ಅಂಚು ಸರಿಮಾಡಿದಳು. ಹೊರಟವಳು ಬಾಗಿಲಲ್ಲಿ ಒಮ್ಮೆ ನಿಂತು, ಹಿಂತಿರುಗಿ ನೋಡದೆ ಹೋದಳು. ಕಾರು ಹೊರಡುವುದಕ್ಕೆ ಬಹಳ ಹೊತ್ತು ಹಿಡಿಯಿತು.

"ಕೂಸು ಬೇಕಂದ್ರ ನಿನಗ ನಾವಿಲ್ಲ," ಎಂದ ಕಂಠೆಪ್ಪ ಅದೇ ದಿನ ಸಂಜೆ.

"ಆಗಲಿ ಅಪ್ಪಾ," ಎಂದಳು ನೀಲಗಂಗಾ, ಕೂಸಿನ ಮುಖದಿಂದ ಕಣ್ಣು ತೆಗೆಯದೆ.

ಅವನು ಕಾರು ಹತ್ತಿದ. ಗುರುಬಸವ್ವ ಕಾರಿನ ಬಾಗಿಲು ಹಿಡಿದು ಒಂದು ಕಾಲು ಒಳಗೆ ಒಂದು ಕಾಲು ಹೊರಗೆ ಇಟ್ಟು ನಿಂತಳು. ರಮಜಾನಬಿಯನ್ನು ನೋಡಿದಳು, ಏನೋ ಹೇಳಬೇಕೆಂದಿದ್ದಳು. ಗಂಡ ಹೆಸರು ಹಿಡಿದು ಕರೆದ. ಹತ್ತಿದಳು.

ಸುದ್ದಿ ಕೇಳಿ ಫಿಲೋಮಿನಾ ಬಾಯಿ ಬಂದಳು. ಬಾಡಿಗೆದಾರರ ಮನೆಯ ವಿಷಯದಲ್ಲಿ ತಲೆಹಾಕುವವಳು ತನಗೆ ಬೇಡ ಎಂದು ಬೀಗದ ಕೈ ಇಸಿದುಕೊಂಡಳು. ಆದರೆ ಮನೆ ಹೇಗೂ ಆ ತಿಂಗಳ ಕೊನೆಯವರೆಗೆ ಅವರ ಹೆಸರಿನಲ್ಲಿದೆ, ಹುಡುಗಿ ಅಲ್ಲಿಯವರೆಗೆ ಇರಲಿ ಎಂದಳು. ಹೋದ ಮೇಲೆ ಬಾಣಂತಿಗೆಂದು ಕೋಳಿಯ ಸಾರು ಮಾಡಿಸಿ ಕಳಿಸಿದಳು. ಲಿಂಗಾಯತರ ಹುಡುಗಿ ಅದನ್ನು ಮುಟ್ಟಲಿಲ್ಲ. ರಮಜಾನಬಿ ತಾನೇ ಉಂಡಳು.

ತಿಂಗಳು ಮುಗಿದ ದಿನ ದಾವಲಮಲಿಕ ಟೆಂಪೋ ತಂದು ಗೇಟಿಗೆ ನಿಲ್ಲಿಸಿದ. ಮರಳು ಒರೆಸಿ ಗೋಣಿತಟ್ಟು ಹಾಸಿದ್ದ.

"ನಮಗ್ಯಾಕ ಬೇಕ ಅಂದಿದ್ರಿ," ಎಂದಳು ರಮಜಾನಬಿ.

"ಈಗ ಬೇಕಾತಲ್ಲ. ಕೂಸಿಗೆ ಗಾಳಿ ಹತ್ತೀತು, ಲಗೂನ ಹತ್ತರಿ," ಎಂದ ಅವನು.

ಕೊರ್ಲಿಮ್ ಕೈಗಾರಿಕಾ ವಸಾಹತಿನ ಹತ್ತಿರ ಅವನ ಗೆಳೆಯ ಗೌಸಸಾಬ ಎರಡು ಖೋಲಿ ಕೊಡಿಸಿದ. ನೀಲಗಂಗಾ ಕೂಸಿಗೆ ಜಮುನಾ ಎಂದು ಹೆಸರಿಟ್ಟಳು. ಓದಿದವಳಾದ್ದರಿಂದ ಗುಳಿಗೆ ತಯಾರಿಸುವ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ ಸಿಕ್ಕಿತು. ಅವಳು ಪಾಳಿಗೆ ಹೋದಾಗ ರಮಜಾನಬಿ ಕೂಸನ್ನು ನೋಡಿಕೊಂಡಳು. ಹಣೆಗೆ ವಿಭೂತಿ ಹಚ್ಚುವ ಈ ಹುಡುಗಿ ನಿನಗೇನಾಗಬೇಕು ಎಂದು ಓಣಿಯವರು ಕೇಳಿದರೆ, "ತಂಗಿ," ಎಂದು ಒಳಗೆ ಹೋಗಿಬಿಡುತ್ತಿದ್ದಳು.

ಜಮುನಾ ಓಡಾಡುವಷ್ಟಾದ ಮೇಲೆ ಒಂದು ಮಧ್ಯಾಹ್ನ ನಲ್ಲಿಯ ಹತ್ತಿರ ಒಬ್ಬ ಹೆಂಗಸು ಬಂದು ನಿಂತಳು. ಸೀರೆಯೆಲ್ಲ ಬಸ್ಸಿನ ಧೂಳು. ಒಂಟಿಯಾಗಿ ಎಂದೂ ಊರು ಬಿಟ್ಟವಳಲ್ಲ. ತವರಿಗೆ ಹೋಗುತ್ತೇನೆಂದು ಗಂಡನಿಗೆ ಹೇಳಿ, ಬಸ್ಸು ಬದಲಿಸುತ್ತ, ಮಾಪ್ಸಾದಲ್ಲಿ ಫಿಲೋಮಿನಾ ಬಾಯಿಯನ್ನು ಕೇಳಿಕೊಂಡು ಬಂದಿದ್ದಳು. ಗುರುಬಸವ್ವನನ್ನು ಕಂಡ ರಮಜಾನಬಿ ಕೊಡ ಕೆಳಗಿಟ್ಟಳು. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆ ಹೆಂಗಸು ಅಷ್ಟು ಇಳಿದುಹೋಗಿದ್ದಳು.

"ಮುಟ್ಟಲೇನ?" ಎಂದು ಕೇಳಿದಳು ಗುರುಬಸವ್ವ, ಕೂಸಿನ ಕಡೆ ನೋಡುತ್ತ.

"ನನ್ನ ಕೇಳಬ್ಯಾಡ್ರಿ ಅವ್ವಾರ. ಅದರ ತಾಯಿ ಬರಲಿ. ಕುಂದರ್ರಿ."

ಪಾಳಿ ಬಿಟ್ಟು ನೀಲಗಂಗಾ ಬಂದಳು. ಬಾಗಿಲಲ್ಲಿ ತಾಯಿಯನ್ನು ಕಂಡು ಕಲ್ಲಾದಳು. ಅವಳು ಹಿಂದೆ ಹೋಗಿ ಕೈಕಾಲು ತೊಳೆದು, ಮುಖ ಒರೆಸಿಕೊಂಡು, ಒಲೆಯ ಮುಂದೆ ಕೂತಳು. ಬೆಂಕಿ ಹೊತ್ತಿದ ಮೇಲೆ ತಲೆ ಎತ್ತದೆ ಕೇಳಿದಳು:

"ಎಷ್ಟ ರೊಟ್ಟಿ ಬಡೀಲವ್ವಾ, ಹಸದ ಬಂದೀಯೇನ?"