ಜ್ಯಾಕೂ ತಂಗಿಗೆ, ಬೈಗುಳವೂ ತಂಗಿಗೆ

ಅಪ್ಪ ತಂಗಿಗೆ ಗಾಡಿ ಎತ್ತುವ ಹೈ-ಲಿಫ್ಟ್ ಜ್ಯಾಕ್ ಕೊಡಿಸಿದ ದಿನ ಹೊಟ್ಟೆಕಿಚ್ಚಿಗೆ ನನಗೆ ಊಟ ಸೇರಲಿಲ್ಲ. ಬಂಗಾರದ ಬಳೆ ಕೊಡಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ. ಎದೆಮಟ್ಟ ಬರುವ ಕಬ್ಬಿಣದ ಪಟ್ಟಿ, ಅದರುದ್ದಕ್ಕೂ ತೂತುಗಳು, ಆ ತೂತು ಹಿಡಿದು ಮೇಲೇರುವ ಒಂದು ಮೂತಿ, ಪಕ್ಕದಲ್ಲಿ ಉದ್ದನೆಯ ಹಿಡಿಕೆ. ಇದಿಷ್ಟಕ್ಕೆ ಕಾಲೇಜಿನಲ್ಲಿ ಇತಿಹಾಸ ಕಲಿಸುವ ನಾನು ಮುಖ ಊದಿಸಿಕೊಂಡು ಕೂತಿದ್ದೆ.

ತಂಗಿ ದನದ ಡಾಕ್ಟರು. ಅಪ್ಪನ ಹಳೆಯ ಜೀಪು ತೆಗೆದುಕೊಂಡು ಚಿಂಚೋಳಿ ಕಡೆಯ ಹಳ್ಳಿ, ಲಂಬಾಣಿ ತಾಂಡಾ ಸುತ್ತುತ್ತಾಳೆ. ದಾರಿಯಿಲ್ಲದ ಕಡೆ ಗಾಲಿ ಹುಗಿದರೆ ಅವಳಿಗೆ ಜ್ಯಾಕ್ ಬೇಕೇ ಬೇಕು, ಒಪ್ಪುತ್ತೇನೆ. ನಾನು ಚಿತ್ತಾಪುರದ ಮನೆಯಿಂದ ಸೇಡಂಗೆ ರೈಲಿನಲ್ಲಿ ಹೋಗಿ ಬರುವವಳು. ರೈಲಿಗೆ ಜ್ಯಾಕ್ ಹಾಕಿ ಏನು ಮಾಡಲಿ? ನನ್ನ ಕಣ್ಣು ಇದ್ದದ್ದು ಜ್ಯಾಕಿನ ಮೇಲಲ್ಲ, ಅದರ ಜೊತೆಗೆ ಅವಳಿಗೆ ಸಿಗುತ್ತಿದ್ದ ಬೈಗುಳದ ಮೇಲೆ.

ಅಪ್ಪ ರಾವೂರಿನ ಹತ್ತಿರ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿ ನಡೆಸಿದವನು. ಯಾರನ್ನು ಲೆಕ್ಕಕ್ಕೆ ಹಿಡಿಯುತ್ತಾನೋ ಅವರಿಗೇ ಬೈಯುತ್ತಾನೆ. ಅಂಗಳದಲ್ಲಿ ಜೀಪು ನಿಲ್ಲಿಸಿ ತಂಗಿಗೆ ಜ್ಯಾಕ್ ಕಲಿಸುವಾಗ ಕತ್ತೆಯೆಂದು ಬೈಯುವುದು ಓಣಿಯೆಲ್ಲ ಕೇಳುತ್ತಿತ್ತು.

"ಏ ಕತ್ತಿ, ಹ್ಯಾಂಡಲ್ ಬಿಟ್ಟಿ ಅಂದ್ರ ಹಲ್ಲ ಉದುರ್ತಾವ ನೋಡು! ಮಾರಿ ಆಚಿ ಇಡು! ಇಳಿಸೋ ಮುಂದ ಭಾಳ ಹುಷಾರ್ ಇರಬೇಕು, ಖಬರ್ ಅದ ಇಲ್ಲ?"

ನಾನು ಹತ್ತಿರ ಹೋದರೆ ದನಿ ಬೆಣ್ಣೆಯಾಗುತ್ತಿತ್ತು. "ನೀ ಬ್ಯಾಡವಾ. ನೀ ಅಲ್ಲೇ ಕುಂದ್ರು. ಕೈ ಹೊಲಸ ಆಗ್ತಾವ."

ಕೂತೆ. ಕೂತುಕೊಂಡೇ ಎಲ್ಲ ಕಲಿತೆ. ಎತ್ತುವ ಮೊದಲು ಉಳಿದ ಗಾಲಿಗಳಿಗೆ ಕಲ್ಲು ಕೊಡಬೇಕು. ಎತ್ತಿದ ಗಾಡಿಯ ಕೆಳಗೆ ತಲೆ ತೂರಿಸಬಾರದು. ಇಳಿಸುವಾಗ ಹಿಡಿಕೆಯನ್ನು ಪಟ್ಟಿಗೆ ಒತ್ತಿಹಿಡಿದು ಆಮೇಲೆ ಮೂತಿಯ ಪಕ್ಕದ ಸಣ್ಣ ಕೊಂಡಿ ತಿರುವಬೇಕು. ಆಗ ಗಾಡಿಯ ಭಾರವೆಲ್ಲ ಹಿಡಿಕೆಯನ್ನು ಮೇಲಕ್ಕೆ ನೂಕುತ್ತದೆ, ಕೈ ಸಡಿಲವಾದರೆ ಗದ್ದಕ್ಕೇ ಬಂದು ಬಡಿಯುತ್ತದೆ. ತಂಗಿ ಅದನ್ನು ಜೀಪಿನ ಹಿಂದೆ ಬೋಲ್ಟ್ ಬಿಗಿದು ಒಯ್ಯುತ್ತಿದ್ದಳು. ಒಳಗೆ ಸುಮ್ಮನೆ ಒಗೆದರೆ ಗಕ್ಕನೆ ಬ್ರೇಕ್ ಹಾಕಿದಾಗ ಯಾರದಾದರೂ ತಲೆ ಒಡೆಯುತ್ತದಂತೆ. ಅಲುಗಾಡದಂತೆ ಹಳೆಯ ಟ್ಯೂಬಿನ ರಬ್ಬರು, ಸುತ್ತಲಿನ ಕಾರ್ಖಾನೆಗಳ ಸಿಮೆಂಟ್ ಧೂಳು ಕೀಲುಗಳಲ್ಲಿ ಕೂರದಂತೆ ತಾಡಪತ್ರಿಯ ಚೀಲ. ವಾರಕ್ಕೊಮ್ಮೆ ಬಿಚ್ಚಿ, ಬ್ರಷ್ ಆಡಿಸಿ, ಎಣ್ಣೆ ಬಿಡುತ್ತಿದ್ದಳು. ಆಗಲೂ ಅಪ್ಪ ಬೈಯುತ್ತಿದ್ದ. "ಎಣ್ಣಿ ಕುಡಿಸಲಿಕತ್ತೀಯೋ, ಎರೀಲಿಕತ್ತೀಯೋ?" ಇಬ್ಬರೂ ನಗುತ್ತಿದ್ದರು. ಆ ನಗು ನನಗೆ ಮುಳ್ಳು.

ಹೋದ ಮಳೆಗಾಲ ಮೂವರೂ ರಾವೂರಿನ ಆಚೆ ನಮ್ಮ ತೊಗರಿ ಹೊಲ ನೋಡಲು ಹೋದೆವು. ನಾನೇ ಗಾಡಿ ಹೊಡೆಯುತ್ತೇನೆಂದು ಹಟ ಹಿಡಿದೆ. ಹೊಲದ ಬದುವಿಗೆ ಬರುವಷ್ಟರಲ್ಲಿ ಎರೆಮಣ್ಣು ಮುಂದಿನ ಗಾಲಿಯನ್ನು ಅರ್ಧ ನುಂಗಿತು. ಅಪ್ಪ ಬೈಯುತ್ತಾನೆಂದು ಕಾದೆ. "ಮಳಿ ಭಾಳ ಆಗ್ಯದ, ನೀ ಏನ್ ಮಾಡ್ತಿ" ಎಂದ. ಅದೇ ತಂಗಿ ಹುಗಿಸಿದ್ದರೆ ಅವಳ ಏಳು ತಲೆಮಾರು ಹೊರಗೆ ಬರುತ್ತಿತ್ತು.

"ಜ್ಯಾಕ್ ನಾ ಹಾಕ್ತೀನಿ" ಎಂದೆ.

ತಂಗಿ ಬಿಚ್ಚಿ ಕೊಟ್ಟಳು. ಸೀಟಿನ ಹಿಂದಿನಿಂದ ದಪ್ಪ ಕಟ್ಟಿಗೆಯ ಹಲಗೆಯನ್ನೂ ತಂದಳು. ಮೆತ್ತನೆ ಮಣ್ಣಿನಲ್ಲಿ ಜ್ಯಾಕಿನ ಸಣ್ಣ ಪಾದ ಇಳಿದುಹೋಗದಂತೆ ಅಡಿಯಲ್ಲಿ ಹಾಕಲು ಅದು. ಅಪ್ಪನಿಗೆ ನಗು ಬಂತು. ಬದುವಿನ ಮೇಲೆ ಬೇಲಿಗೆಂದು ತಂದ ಫರಸಿಗಳ ರಾಶಿಯೇ ಇತ್ತು. ನಮ್ಮ ಕಡೆ ನೆಲ ಫರಸಿ, ಮಾಳಿಗೆ ಫರಸಿ, ಗಟಾರದ ಮೇಲೆ ಫರಸಿ, ಕೂರುವ ಕಟ್ಟೆ ಫರಸಿ. ಯಾವುದಕ್ಕೆ ಏನು ಅಡಿ ಕೊಡಬೇಕೆಂದು ಕೇಳಿದರೂ ನಿದ್ದೆಯಲ್ಲೂ ಫರಸಿ ಎನ್ನುತ್ತೇವೆ.

"ಫರಸಿ ಊರಾಗ ಹುಟ್ಟಿ ಕಟಗಿ ಹುಡುಕ್ತೀಯೇನ?" ಎಂದ ಅಪ್ಪ.

"ಅಪ್ಪಾ, ಗಾಲಿ ಕೆಳಗ ಫರಸಿ ನಡೀತದ. ಜ್ಯಾಕ್ ಕೆಳಗ ಬ್ಯಾಡ. ಭಾರ ಎಲ್ಲಾ ಒಂದೇ ಕಡಿ ಬೀಳ್ತದ, ಕೆಳಗ ಮಣ್ಣ ಮೆತ್ತಗದ. ಒಡೀತದ."

"ನನಗ ಕಲ್ಲಿನ ಪಾಠ ಹೇಳ್ತಿ?"

"ಅಪ್ಪ ಹೇಳೂದು ಖರೇ ಅದ" ಎಂದು ನಾನು ನಡುವೆ ಬಾಯಿ ಹಾಕಿದೆ. ಅಪ್ಪನೂ ನಾನೂ ಒಂದು ಪಕ್ಷ, ಅವಳೊಬ್ಬಳೇ ಇನ್ನೊಂದು. ಅಂಥ ಖುಷಿ ನನಗೆ ನೌಕರಿ ಸಿಕ್ಕಾಗಲೂ ಆಗಿರಲಿಲ್ಲ.

ಫರಸಿ ಹಾಸಿ, ಜ್ಯಾಕ್ ನಿಲ್ಲಿಸಿ, ಬಂಪರಿಗೆ ಮೂತಿ ಕೊಟ್ಟು ಒತ್ತತೊಡಗಿದೆ. ಕಟಕ್, ಕಟಕ್. ಗಾಲಿ ಕೆಸರಿನಿಂದ ಮೇಲೆ ಬಂತು. ಅಪ್ಪನ ಕಡೆ ನೋಡಿದೆ.

"ಅಕ್ಕಾ, ಬಾಜೂಕ ನಿಂದ್ರು" ಎಂದಳು ತಂಗಿ. "ಹ್ಯಾಂಡಲ್ ಮ್ಯಾಲ ಬಗ್ಗಬ್ಯಾಡ."

ಅಷ್ಟರಲ್ಲಿ ಫಟ್ ಎಂದಿತು. ಫರಸಿ ನಡುವೆಯೇ ಸೀಳಿತು, ಜ್ಯಾಕ್ ವಾಲಿತು, ಹಿಡಿಕೆ ನನ್ನ ಕೈಯಿಂದ ಕಿತ್ತುಕೊಂಡು ಮೇಲಕ್ಕೆ ಹಾರಿತು. ತಂಗಿ ನನ್ನನ್ನು ಭುಜ ಹಿಡಿದು ಎಳೆದಳು. ನಾನು ಕೆಸರಿನಲ್ಲಿ, ಜೀಪು ದೊಪ್ಪನೆ ಮತ್ತೆ ತನ್ನ ಕುಣಿಯಲ್ಲಿ.

ಅಪ್ಪ ಓಡಿ ಬಂದ. ಮುಖ ಕೆಂಪಾಗಿತ್ತು. ನಾನು ಒಳಗೊಳಗೆ ಸಜ್ಜಾದೆ. ಇವತ್ತು ಬಿಡುವುದಿಲ್ಲ, ಇವತ್ತು ಬೈದೇ ಬೈಯುತ್ತಾನೆ.

"ಏ ಹುಚ್ಚಿ! ಅಕಿ ಕೈಯಾಗ ಯಾಕ ಕೊಟ್ಟಿ? ಬುದ್ಧಿ ಅದ ಇಲ್ಲ ನಿನಗ?"

ತಂಗಿಗೆ! ಫರಸಿ ಹಾಕು ಎಂದವನು ಅವನು, ಹಾಕಿದವಳು ನಾನು, ಬೈಗುಳ ಮಾತ್ರ ಫರಸಿ ಬೇಡವೆಂದವಳಿಗೆ.

"ಅಪ್ಪಾ, ಒತ್ತಿದಾಕಿ ನಾನು. ನನಗ ಬೈ."

ಅವನು ಹೆಗಲ ಮೇಲಿನ ವಸ್ತ್ರದಿಂದ ನನ್ನ ಹಣೆಯ ಕೆಸರು ಒರೆಸಿದ. "ಹೆದರೀದಿ ನೀ. ಪೆಟ್ಟೇನೂ ಆಗಿಲ್ಲಲ್ಲವಾ? ಬಾ, ಕುಂದ್ರು."

ಮತ್ತೆ ಕುಂದ್ರು. ತಂಗಿ ಹಲಗೆ ಹಾಕಿ ಜೀಪು ಎತ್ತಿದಳು, ಒಡೆದ ಫರಸಿಯನ್ನು ಗಾಲಿಯ ಕೆಳಗೆ ತುರುಕಿದಳು, ಇಳಿಸಿದಳು, ಗಾಡಿ ಹೊರಗೆ ತೆಗೆದಳು. ನಾನು ಬದುವಿನ ಮೇಲೆ ಕೂತು ಹಲ್ಲು ಕಡಿಯುತ್ತ ನೋಡಿದೆ.

ಹೊಲದಿಂದ ಹೊರಟಾಗ ತಂಗಿಯೇ ಗಾಡಿ ಹೊಡೆದಳು, ವಾಡಿ ಊರಿನಲ್ಲಿ ಅಪ್ಪ ಚಹಾ ತರಲು ಇಳಿದ. ದಾರಿಯುದ್ದಕ್ಕೂ ತಂಗಿ ಗೇರ್ ಹಾಕುವಾಗೆಲ್ಲ ಮುಖ ಕಿವುಚುತ್ತಿದ್ದಳು. ಅವಳ ಅಂಗಿಯ ಎಡತೋಳು ಮೇಲೆ ಸರಿಸಿ ನೋಡಿದೆ. ಮಣಿಕಟ್ಟು ಊದಿ ನೀಲಿಯಾಗಿತ್ತು. ನನ್ನನ್ನು ಎಳೆಯುವಾಗ ಹಿಡಿಕೆ ಬಡಿದದ್ದು.

"ಅಪ್ಪಗ ಯಾಕ ಹೇಳಿಲ್ಲ?"

"ಹೇಳಿದ್ರ ಮತ್ತ ಬೈತಾನ. ನಿನಗ ಕೇಳ್ದಂಗ ನನಗ ಒಮ್ಮ್ಯರೆ ಕೇಳ್ಯಾನೇನು, ಪೆಟ್ಟಾತೇನಂತ? ನಿನ್ನ ನೋಡಿದ್ರ ನನಗ ಹೊಟ್ಟಿ ಉರೀತದ ಅಕ್ಕಾ."

ನನ್ನ ಹತ್ತಿರವೂ ಯಾರಿಗಾದರೂ ಉರಿಯುವಂಥದ್ದು ಇತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅಪ್ಪ ಚಹಾ ಹಿಡಿದು ಬಂದ. ಮೊದಲ ಕಪ್ಪು ಎಂದಿನಂತೆ ನನಗೆ ಚಾಚಿದ. ನಾನು ತೆಗೆದುಕೊಳ್ಳಲಿಲ್ಲ.

"ಅಪ್ಪಾ, ಅಕಿ ಕೈ ನೋಡು."

ನೋಡಿದ. ಕಪ್ಪುಗಳನ್ನು ಬಾನೆಟ್ಟಿನ ಮೇಲಿಟ್ಟ. ಎರಡೂ ಕೈಯಲ್ಲಿ ಅವಳ ಮಣಿಕಟ್ಟು ಹಿಡಿದು ಊದಿದಲ್ಲಿ ಹೆಬ್ಬೆರಳು ಆಡಿಸಿದ. ಆಮೇಲೆ "ಭಾಳ ನೋಯ್ತದೇನವಾ?" ಎಂದ. ಮಾತಿನ ಕೊನೆಯ ಆ ಅಕ್ಕರೆಯ 'ವಾ' ನನ್ನದು, ನನ್ನೊಬ್ಬಳದೇ ಆಗಿದ್ದದ್ದು.

ನಂತರ ನನ್ನ ಕಡೆ ತಿರುಗಿದ. "ಬಾಜೂಕ ಕುಂತಾಕಿ ನೀ, ಈಗ ಹೇಳಲಿಕತ್ತೀಯಾ? ಕಣ್ಣ ಹೋಗ್ಯಾವೇನು? ಹಂಗೇನ ನೋಡ್ತಿ ಕತ್ತಿ, ಗಾಡಿ ಹೊಡಿ! ದವಾಖಾನಿಗೆ ನಡಿ!"

ನಾನು ಸ್ಟೇರಿಂಗ್ ಹಿಡಿದೆ. ತಂಗಿ ಅಪ್ಪನ ಜೊತೆ ಹಿಂದೆ ಕೂತಳು. ಇಷ್ಟು ವರ್ಷ ಕಾದ ಬೈಗುಳ ಸಿಕ್ಕಿತ್ತು, ಹಾಡಬೇಕೆನಿಸುತ್ತಿತ್ತು. ಆಗ ಕನ್ನಡಿಯಲ್ಲಿ ನೋಡಿದೆ. ಅವಳ ಕೈ ಅಪ್ಪನ ತೊಡೆಯ ಮೇಲಿತ್ತು, ಅವನು ಅದಕ್ಕೆ ಮೆಲ್ಲಗೆ ಊದುತ್ತಿದ್ದ. ನನ್ನ ಹೊಟ್ಟೆ ಮತ್ತೆ ಭಗ್ಗೆಂದಿತು.