ಎರಡನೇ ನೀರಿನ ಗಿರಿಜಕ್ಕ

ಯಾರ ಮನೆಗೆ ಹೋದರೂ ಗಿರಿಜಕ್ಕ ತಮಗೆ ಕೊಟ್ಟ ನೀರನ್ನು ಕುಡಿಯುವ ಮೊದಲು ಮೂಸುತ್ತಿದ್ದರು. ಕದ್ದುಮುಚ್ಚಿ ಅಲ್ಲ, ಮನೆಯವರೆಲ್ಲ ನೋಡುತ್ತಿರುವಾಗಲೇ ಲೋಟವನ್ನು ಮೂಗಿನ ಹತ್ತಿರ ತಂದು, ಕಣ್ಣು ಮುಚ್ಚಿ, ದೀರ್ಘವಾಗಿ. ಹೊಸಬರ ಮುಖ ಕೆಂಪಾಗುತ್ತಿತ್ತು. "ಟ್ಯಾಂಕರ್‌ದು" ಎಂದೋ, "ಫಿಲ್ಟರ್ ಬದಲಾಯಿಸ್ಬೇಕು ಕಣಮ್ಮ" ಎಂದೋ ತೀರ್ಪು ಕೊಟ್ಟಮೇಲೆ ಒಂದು ಹನಿ ಬಿಡದೆ ಕುಡಿದು ಲೋಟ ಕೆಳಗಿಡುತ್ತಿದ್ದರು. ಅರ್ಧ ಲೋಟ ಬಿಟ್ಟು ಏಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಹೂಡಿಯ ಹತ್ತಿರದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ನಮ್ಮ ಎದುರು ಬಾಗಿಲು. ಕಂಡವರನ್ನೆಲ್ಲ ಆಂಟಿ ಎಂದು ಕರೆಯುವ ಕಟ್ಟಡದಲ್ಲಿ ಅವರೊಬ್ಬರು ಎಲ್ಲರಿಗೂ ಅಕ್ಕ. ಗಂಡ ಹೆಂಡತಿ ಇಬ್ಬರೂ ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು, ಅದರ ಕ್ವಾರ್ಟರ್ಸಿನಲ್ಲೇ ಆಯುಷ್ಯ ಕಳೆದು, ನಿವೃತ್ತಿಯಾದ ಮೇಲೆ ಇಲ್ಲಿಗೆ ಬಂದವರು. ಗೃಹಪ್ರವೇಶದ ಮರುವರ್ಷ ಗಂಡ ತೀರಿಕೊಂಡರು. ಅದೇ ಬೇಸಿಗೆಯಲ್ಲಿ ಕಟ್ಟಡದ ಬೋರ್‌ವೆಲ್ ಬತ್ತಿತು. "ಇಬ್ರೂ ಒಟ್ಗೆ ಕೈಕೊಟ್ರು" ಎಂದು ನಗುತ್ತಲೇ ಹೇಳುತ್ತಿದ್ದರು. ಕೇಳಿದ ನಮಗೆ ನಗಬೇಕೋ ಬೇಡವೋ ತಿಳಿಯುತ್ತಿರಲಿಲ್ಲ.

ಆಗಿನಿಂದ ಟ್ಯಾಂಕರೇ ಗತಿ. ಯಾವುದೋ ಹಳ್ಳಿಯ ನೀರನ್ನು ಹೊತ್ತು ತಂದು ನಾವು ಕಕ್ಕಸಿಗೆ ಸುರಿಯುತ್ತಿದ್ದೇವಲ್ಲ ಎನ್ನುವುದು ಗಿರಿಜಕ್ಕನನ್ನು ನಿದ್ದೆಗೆಡಿಸಿತು. ನೆಲಮಾಳಿಗೆಯಲ್ಲಿ ಬಿಲ್ಡರು ಕಟ್ಟಿಸಿದ ಎಸ್‌ಟಿಪಿ, ಅಂದರೆ ಕೊಳಚೆ ಶುದ್ಧೀಕರಣ ಘಟಕ, ಇತ್ತು. ಮನೆಮನೆಯ ಕೊಳಚೆ ಅಲ್ಲಿ ಶುದ್ಧವಾಗಿ, ಯಾರ ಉಪಯೋಗಕ್ಕೂ ಬಾರದೆ ಚರಂಡಿ ಸೇರುತ್ತಿತ್ತು. ಫ್ಲಶ್‌ಗೆಂದು ಬೇರೆ ಪೈಪೂ ಇತ್ತು. ಅದಕ್ಕೆ ಈ ನೀರನ್ನು ಹರಿಸಿದರೆ ಟ್ಯಾಂಕರ್ ಅರ್ಧಕ್ಕರ್ಧ ನಿಲ್ಲುತ್ತದೆ ಎಂದು ಮೀಟಿಂಗಿನಲ್ಲಿ ಹೇಳಿದಾಗ ಜನ ಮೂಗು ಮುಚ್ಚಿಕೊಂಡರು.

ಗಿರಿಜಕ್ಕ ಮೊದಲು ಬದಲಾಯಿಸಿದ್ದು ಹೆಸರನ್ನು. "ಎಸ್‌ಟಿಪಿ ನೀರು ಅನ್ಬೇಡಿ. ಎರಡನೇ ನೀರು ಅನ್ನಿ. ಅಕ್ಕಿ ತೊಳೆದ ಎರಡನೇ ನೀರನ್ನ ಗಿಡಕ್ಕೆ ಹಾಕಲ್ವಾ? ಅಂಗೇ ಇದೂ." ಮನೆಮನೆಗೆ ಹೋಗಿ ಇದನ್ನೇ ಹೇಳಿದರು. ಹೆಂಗಸರನ್ನು ನೆಲಮಾಳಿಗೆಗೆ ಕರೆದೊಯ್ದು, ಕೊಳಚೆ ತಿನ್ನುವ ಸೂಕ್ಷ್ಮಜೀವಿಗಳ ತೊಟ್ಟಿಯನ್ನು ತಮ್ಮ ಕೊಟ್ಟಿಗೆಯೇನೋ ಎಂಬಂತೆ ತೋರಿಸಿದರು. "ನಮ್ ಹುಳಗಳು" ಎನ್ನುತ್ತಿದ್ದರು. ಹುಳಕ್ಕೆ ಉಸಿರಾಡಲು ಗಾಳಿ ಊದುವ ಯಂತ್ರ ಹಗಲೂ ರಾತ್ರಿ ಓಡಬೇಕು, ಅದು ಗೊರ್ ಎಂದರೇ ಅವರಿಗೆ ಸಮಾಧಾನ. ಆ ಒಂದು ಮಾತು, ಎರಡನೇ ನೀರು, ನಿಜಕ್ಕೂ ಕೆಲಸ ಮಾಡಿತು. ಮುಂದಿನ ಬೇಸಿಗೆಗೆ ಎಲ್ಲ ಮನೆಯ ಫ್ಲಶ್‌ಗೂ ಅದೇ ನೀರು ಬಂತು. ಬಕೆಟ್ ಹಿಡಿದು ಟ್ಯಾಂಕರ್ ಕಾಯುವುದು ತಪ್ಪಿತು.

ಆ ಸಂತೋಷವೇ ಅವರಿಗೆ ಮುಳುವಾಯಿತು. ಊರ ಕೆರೆ ತುಂಬಿದರೆ ಬಾಗಿನ ಕೊಡುವುದಿಲ್ಲವೇ, ನಮ್ಮ ತೊಟ್ಟಿ ತುಂಬಿದೆ, ಗೌರಿ ಹಬ್ಬದ ದಿನ ಇದಕ್ಕೂ ಕೊಡೋಣ ಎಂದರು. ಗಂಡನಿಲ್ಲದ ತಾವು ಕೊಡಬಾರದೆಂದು ದೂರ ನಿಂತು, ನನ್ನನ್ನೂ ಇನ್ನಿಬ್ಬರನ್ನೂ ಮುಂದೆ ಬಿಟ್ಟರು. ತೊಟ್ಟಿಯ ಗೋಡೆಗೆ ಅರಿಶಿನ ಕುಂಕುಮ ಹಚ್ಚಿದೆವು. ಮೊರದ ಬಾಗಿನ ಇಟ್ಟು ಕಾಯಿ ಒಡೆದೆವು. "ಗಂಗಮ್ಮ ತಾಯಿ, ನಮ್ಮನ್ನ ಕೈಬಿಡ್ಬೇಡವ್ವ" ಎಂದು ಗಿರಿಜಕ್ಕ ದೂರದಿಂದಲೇ ಕೈಮುಗಿದರು. ಜೊತೆಗಿದ್ದವರೊಬ್ಬರು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು.

ಸಂಜೆಯೊಳಗೆ ಗುಂಪು ಹೊತ್ತಿಕೊಂಡಿತು. ಕಕ್ಕಸಿನ ನೀರಿಗೆ ಬಾಗಿನ ಕೊಟ್ಟು ಗೌರಿಗೆ ಅವಮಾನ ಮಾಡಿದರೆಂದು ಕೆಲವರು. ಅರಿಶಿನ ಕುಂಕುಮ ಇಟ್ಟ ಗಂಗೆಯನ್ನು ಇನ್ನು ಕಕ್ಕಸಿಗೆ ಬಿಡುವುದು ಹೇಗೆಂದು ಇನ್ನು ಕೆಲವರು. ಸಾಕು ನಾಯಿಯ ವಿಷಯದಿಂದ ಪಾರ್ಕಿಂಗಿನವರೆಗೆ ಯಾವುದರಲ್ಲೂ ಒಮ್ಮತಕ್ಕೆ ಬಾರದ ನಮ್ಮ ಜನ ಇದೊಂದರಲ್ಲಿ ಒಂದಾದರು. ನೀರು ಹೊಲಸೆಂದವರೂ ನೀರು ದೇವರೆಂದವರೂ ತಮ್ಮ ತಮ್ಮ ಮನೆಯ ಎರಡನೇ ನೀರಿನ ವಾಲ್ವ್ ತಿರುಗಿಸಿ ಮುಚ್ಚಿಕೊಂಡರು. ಫ್ಲಶ್‌ಗೆ ಮತ್ತೆ ಟ್ಯಾಂಕರ್ ನೀರು.

ತುರ್ತು ಮೀಟಿಂಗಿನಲ್ಲಿ ಗಿರಿಜಕ್ಕ ಎದ್ದು ನಿಂತರು. "ಗಂಗೆ ಅಂದಿದ್ದು ನನ್ ತಪ್ಪು. ಆ ಮಾತು ವಾಪಸ್ ತಗೋತೀನಿ. ಕೊಳಕ್ ನೀರೇ ಅನ್ಕೊಳ್ರಪ್ಪ, ಆದ್ರೆ ವಾಲ್ವ್ ತೆಗೀರಿ." ಕಾಫಿ ಬಂತು, ಎಲ್ಲರೂ ಕುಡಿದು ಎದ್ದುಹೋದರು.

ಯಾರೂ ಬಳಸದ ನೀರಿಗೆ ಈ ಗೊರ್ ಶಬ್ದ ಯಾಕೆ ಎಂಬ ಮಾತು ಆಮೇಲೆ ಹುಟ್ಟಿತು. ಗಿರಿಜಕ್ಕ ಮದುವೆಯೊಂದಕ್ಕೆ ಊರಿಗೆ ಹೋಗಿದ್ದಾಗ ಕಮಿಟಿಯವರು ಗಾಳಿ ಯಂತ್ರವನ್ನು ನಿಲ್ಲಿಸಿಬಿಟ್ಟರು. ಅವರು ಬರುವ ಹೊತ್ತಿಗೆ ಉಸಿರಿಲ್ಲದೆ ಹುಳಗಳೆಲ್ಲ ಸತ್ತು, ತೊಟ್ಟಿ ಕಪ್ಪಾಗಿ, ನಾತ ಕೆಳಮಹಡಿಯ ಅಡುಗೆಮನೆಗಳಿಗೆ ನುಗ್ಗಿತ್ತು. ನೋಡಿ, ನಾವು ಮೊದಲೇ ಹೇಳಿರಲಿಲ್ಲವೇ, ಇದು ಹೊಲಸು ನೀರೇ ಎಂದರು ಎಲ್ಲರೂ. ಘಟಕಕ್ಕೆ ಬೀಗ ಬಿತ್ತು. ಕೊಳಚೆ ಹೀರಿಕೊಂಡು ಹೋಗಲು ಬೇರೊಂದು ಟ್ಯಾಂಕರ್ ಗೊತ್ತಾಯಿತು. ಅದು ಎಲ್ಲಿ ಸುರಿಯುತ್ತದೆಂದು ಯಾರೂ ಕೇಳಲಿಲ್ಲ. ಹತ್ತಿರದ ಕೆರೆಯ ನೊರೆ ನೋಡಿದರೆ ಕೇಳುವ ಅಗತ್ಯವೂ ಇಲ್ಲ. ನನ್ನ ಸಿಟ್ಟು ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಊರಿನಿಂದ ಬಂದ ದಿನ ಅವರ ಮನೆಗೆ ಹೋದರೆ ಗಿರಿಜಕ್ಕ ಅಡುಗೆ ಮಾಡದೆ ಸುಮ್ಮನೆ ಕೂತಿದ್ದರು. "ಹುಳ ಸತ್ತಿದ್ದಕ್ಕೆ ಯಾರಾದ್ರೂ ಸೂತಕ ಹಿಡೀತಾರಾ ಅಂತ ನಗ್ಬೇಡ ಕಣಮ್ಮ. ಒಲೆ ಹಚ್ಚೋಕೆ ಕೈ ಬರ್ತಿಲ್ಲ." ನಾನು ನಗಲಿಲ್ಲ. ಮತ್ತೆ ಶುರುಮಾಡೋಣ, ಸಗಣಿ ಹಾಕಿದರೆ ಹುಳ ಹುಟ್ಟುತ್ತವೆ ಎಂದು ನೀವೇ ಹೇಳಿದ್ದಿರಲ್ಲ ಎಂದೆ. "ಹುಳ ಹುಟ್ಟುತ್ವೆ. ಜನ ಎಲ್ಲಿಂದ ತರ್ಲಿ?" ಎಂದರು. ಅದಾದ ಮೇಲೆ ಅವರು ನೀರಿನ ಮಾತೆತ್ತಲಿಲ್ಲ. ನಾನು ಎತ್ತಿದರೆ ಬೇರೆ ವಿಷಯಕ್ಕೆ ತಿರುಗಿಸುತ್ತಿದ್ದರು. ಫ್ಲ್ಯಾಟು ಮಾರಿ ತುಮಕೂರಿನ ತಂಗಿಯ ಮನೆಗೆ ಹೋಗುವುದೆಂದು ತೀರ್ಮಾನಿಸಿದ್ದೂ ನನಗೆ ಕೊನೆಯಲ್ಲಿ ಗೊತ್ತಾಯಿತು.

ಹೊರಡುವ ದಿನ ಅವರ ಬ್ಯಾಗು ಹಿಡಿದು ನಾನೂ ಜೊತೆಗೆ ಹೋದೆ. ಕ್ಯಾಬು ರಸ್ತೆಯ ಆಚೆ ನಿಂತಿತ್ತು. ಗೇಟಿನಲ್ಲಿ ನೀರು ತಂದ ಟ್ಯಾಂಕರ್ ಒಳಗೆ ಬರಲು, ಕೊಳಚೆ ತುಂಬಿಕೊಂಡ ಟ್ಯಾಂಕರ್ ಹೊರಗೆ ಹೋಗಲು, ಮೂತಿಗೆ ಮೂತಿ ಕೊಟ್ಟು ಹಾರ್ನ್ ಒತ್ತುತ್ತಿದ್ದವು. ಗಿರಿಜಕ್ಕ ಎರಡರ ನಡುವೆ ಗಕ್ಕನೆ ನಿಂತುಬಿಟ್ಟರು. ಒಮ್ಮೆ ಆ ಕಡೆ ನೋಡಿದರು, ಒಮ್ಮೆ ಈ ಕಡೆ. ಬೈಯುತ್ತಾರೆ, ಅಲ್ಲೇ ಕೂತುಬಿಡುತ್ತಾರೆ ಎಂದುಕೊಂಡೆ. ಕೂತರೆ ಪಕ್ಕದಲ್ಲಿ ನಾನೂ ಕೂರುತ್ತಿದ್ದೆ.

"ಅಮ್ಮಾ, ಸ್ವಲ್ಪ ಸೈಡ್‌ಗೆ ಬನ್ನಿ, ಗಾಡಿ ಹೋಗ್ಬೇಕು" ಎಂದ ಸೆಕ್ಯುರಿಟಿಯವನು.

"ಹೋಗ್ಲಿ ಬಿಡಪ್ಪ" ಎಂದು ಗಿರಿಜಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದು ಪಕ್ಕಕ್ಕೆ ಸರಿದು ನಿಂತರು.